ಕರೆಂಟು ಯಾರಿಂದ ಕೊಳ್ಳುವುದು? ಮೊದಲು ನಿಮ್ಮ ಹಳೇ ಬಿಲ್ ತೆಗೆಯಿರಿ

ಕರೆಂಟು ಮಾರುವ ಕಂಪನಿಯನ್ನು ಗ್ರಾಹಕರೇ ಆರಿಸಿಕೊಳ್ಳುವ ಮಾರುಕಟ್ಟೆಗಳು ಹಲವು ಕಡೆ ಇವೆ. ಬ್ರಿಟನ್ನಿನಲ್ಲಿ 1990ರಲ್ಲಿ ದೊಡ್ಡ ಗ್ರಾಹಕರಿಗೆ ಸಿಕ್ಕ ಈ ಆಯ್ಕೆ 1999ರ ಹೊತ್ತಿಗೆ ಎಲ್ಲರಿಗೂ ಬಂತು. ಅಮೆರಿಕದ ಟೆಕ್ಸಸ್‌ನ ಬಹುಭಾಗದಲ್ಲಿ 2002ರಿಂದ ಇದೆ. ಇಂಥ ಕಡೆ ಅಂಗಡಿಯನ್ನೋ ಕಾರ್ಖಾನೆಯನ್ನೋ ನಡೆಸುವವರಿಗೆ ಮಾರಾಟಗಾರರ ಫೋನ್ ಕರೆ ತಪ್ಪುವುದಿಲ್ಲ.

ಕಂಪನಿ ಬದಲಾದರೂ ಕಂಬ ಅದೇ, ತಂತಿ ಅದೇ. ಕರೆಂಟು ಹೋದರೆ ಬಂದು ಸರಿಮಾಡುವವರೂ ಹಳಬರೇ. ಬದಲಾಗುವುದು ದರ, ಕರಾರು ಮತ್ತು ಬಿಲ್ ಕಳಿಸುವವರು. "ನಮ್ಮ ಹತ್ತಿರ ತಗೊಂಡ್ರೆ ಕರೆಂಟು ಹೋಗೋದೇ ಇಲ್ಲ" ಎಂದವರನ್ನು ಅಲ್ಲಿಗೇ ಬಿಟ್ಟುಬಿಡಿ.

ಮೊದಲ ಹೆಜ್ಜೆ: ನಿಮ್ಮ ಬಳಕೆ

ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ. ಎಷ್ಟು ಯೂನಿಟ್ ಎನ್ನುವಷ್ಟೇ ಮುಖ್ಯ, ಯಾವಾಗ ಎನ್ನುವುದು. ಸ್ಮಾರ್ಟ್ ಮೀಟರ್ ಇದ್ದರೆ ಅರ್ಧ ಗಂಟೆಗೋ ಕಾಲು ಗಂಟೆಗೋ ಒಂದರಂತೆ ಲೆಕ್ಕ ಸಿಗುತ್ತದೆ, ಕೇಳಿ ಪಡೆಯಿರಿ.

ಒಂದು ಸಣ್ಣ ಲೆಕ್ಕ. ನಿಮ್ಮ ಗರಿಷ್ಠ ಬೇಡಿಕೆ, ಅಂದರೆ ಒಂದೇ ಹೊತ್ತಿಗೆ ನೀವು ಎಳೆಯುವ ಅತಿ ಹೆಚ್ಚು ಕರೆಂಟು, 100 ಕಿಲೋವ್ಯಾಟ್ ಎನ್ನಿ. ತಿಂಗಳ 720 ಗಂಟೆಯೂ ಅಷ್ಟೇ ಎಳೆದರೆ 72,000 ಯೂನಿಟ್ ಆಗುತ್ತದೆ. ನಿಜಕ್ಕೂ ಬಳಸಿದ್ದು 36,000 ಆದರೆ ಲೋಡ್ ಫ್ಯಾಕ್ಟರ್ ಶೇ 50. ಇದು ಜಾಸ್ತಿ ಇದ್ದಷ್ಟೂ, ಅಂದರೆ ಬಳಕೆ ಏರಿಳಿತವಿಲ್ಲದೆ ಸಮವಾಗಿದ್ದಷ್ಟೂ, ಚೌಕಾಸಿಗೆ ನಿಮ್ಮ ಕೈ ಮೇಲು. ರಾತ್ರಿಯಿಡೀ ಓಡುವ ಶೀತಲಗೃಹಕ್ಕೂ ಸಂಜೆ ಮಾತ್ರ ತುಂಬುವ ಹೋಟೆಲಿಗೂ ಒಂದೇ ದರ ಹೊಂದುವುದಿಲ್ಲ, ಅಲ್ವಾ?

ಎರಡನೇ ಹೆಜ್ಜೆ: ಸ್ಥಿರ ದರವೋ, ಏರಿಳಿಯುವ ದರವೋ

ಸಗಟು ಮಾರುಕಟ್ಟೆಯ ಜೊತೆ ಏರಿಳಿಯುವ ದರ ಎಷ್ಟೋ ತಿಂಗಳು ಅಗ್ಗವಾಗಿಯೇ ಕಾಣುತ್ತದೆ. ಆದರೆ 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ಸಗಟು ದರ ಯೂನಿಟ್ಟಿಗೆ 9 ಡಾಲರ್ ಮುಟ್ಟಿ, ದಿನಗಟ್ಟಲೆ ಅಲ್ಲೇ ನಿಂತಿತ್ತು. ಸಾಮಾನ್ಯ ದಿನಗಳಲ್ಲಿ ಅದು ಕೆಲವೇ ಸೆಂಟ್. ಸಗಟು ದರಕ್ಕೆ ಕಟ್ಟಿಕೊಂಡಿದ್ದವರಿಗೆ ಸಾವಿರಾರು ಡಾಲರ್ ಬಿಲ್ ಬಂತು. ದರ ಏರಿದ ಗಂಟೆಯಲ್ಲಿ ಯಂತ್ರ ನಿಲ್ಲಿಸುವ ಅನುಕೂಲ ನಿಮಗಿಲ್ಲದಿದ್ದರೆ ಸ್ಥಿರ ದರವೇ ವಾಸಿ ಎಂದು ನನಗನಿಸುತ್ತದೆ. ಒಂದಿಷ್ಟು ಸ್ಥಿರ, ಉಳಿದದ್ದು ಮಾರುಕಟ್ಟೆ ದರ ಎಂಬ ಮಿಶ್ರ ಕರಾರೂ ಸಿಗುತ್ತದೆ.

"ಸ್ಥಿರ" ಎಂದಾಕ್ಷಣ ಎಲ್ಲವೂ ಸ್ಥಿರ ಎಂದೇನಿಲ್ಲ. ಕೆಲವು ಕರಾರುಗಳಲ್ಲಿ ಕರೆಂಟಿನ ಬೆಲೆ ಮಾತ್ರ ಸ್ಥಿರ. ತಂತಿಯ ಬಾಡಿಗೆ, ಸರ್ಕಾರದ ಶುಲ್ಕ ಏರಿದಂತೆ ಬಿಲ್ ಕೂಡ ಏರುತ್ತದೆ.

ಮೂರನೇ ಹೆಜ್ಜೆ: ಒಂದೇ ತಕ್ಕಡಿ

ಮೂರು ನಾಲ್ಕು ಕಂಪನಿಗಳಿಗೆ ಒಂದೇ ಬಳಕೆಯ ಲೆಕ್ಕ ಕೊಟ್ಟು, ಒಂದೇ ಅವಧಿಗೆ, ಒಂದೇ ದಿನ ದರ ಕೇಳಿ. ಸಗಟು ಬೆಲೆ ದಿನವೂ ಬದಲಾಗುವುದರಿಂದ ಸೋಮವಾರದ ದರವನ್ನು ಶುಕ್ರವಾರದ ದರದ ಜೊತೆ ಹೋಲಿಸಿ ಫಲವಿಲ್ಲ. ವರ್ಷದ ಒಟ್ಟು ಖರ್ಚು ಬರೆದುಕೊಡಲು ಹೇಳಿ. ಯೂನಿಟ್ ದರ ಇಳಿಸಿ ದಿನದ ಬಾಡಿಗೆ (ಬಳಸಿದರೂ ಬಿಟ್ಟರೂ ಕಟ್ಟಬೇಕಾದ ಮೊತ್ತ) ಏರಿಸುವುದು ಹಳೇ ಆಟ.

ದಲ್ಲಾಳಿಯ ಮೂಲಕ ಹೋಗುತ್ತೀರಾ? "ನಿಮಗೆ ಪುಕ್ಕಟೆ" ಎನ್ನುತ್ತಾರೆ. ಅವರ ಕಮಿಷನ್ ಸಾಮಾನ್ಯವಾಗಿ ನಿಮ್ಮ ಯೂನಿಟ್ ದರದಲ್ಲೇ ಸೇರಿರುತ್ತದೆ. ಎಷ್ಟು ಎಂದು ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ.

ನಾಲ್ಕನೇ ಹೆಜ್ಜೆ: ಸಣ್ಣ ಅಕ್ಷರ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲೇ. ಬಳಕೆ ಅಂದಾಜಿಗಿಂತ ತುಂಬಾ ಹೆಚ್ಚಾದರೆ ಇಲ್ಲವೇ ತುಂಬಾ ಕಡಿಮೆಯಾದರೆ ದಂಡ ಇದೆಯಾ? ಹೊಸ ಯಂತ್ರ ತರುವ, ಒಂದು ಶಾಖೆ ಮುಚ್ಚುವ ಯೋಚನೆ ಇದ್ದರೆ ಈ ಸಾಲು ದುಬಾರಿಯಾದೀತು. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು? ಅವಧಿ ಮುಗಿದ ಮೇಲೆ ತಾನಾಗಿ ನವೀಕರಣವಾಗುತ್ತದಾ, ಯಾವ ದರಕ್ಕೆ? ಬ್ರಿಟನ್ನಿನಲ್ಲಿ ಮನೆ ಗ್ರಾಹಕರಿಗೆ ಕರಾರಿನಿಂದ ಹಿಂದೆ ಸರಿಯಲು 14 ದಿನ ಇದೆ. ವ್ಯಾಪಾರಿಗಳಿಗೆ ಅಂಥ ಹಕ್ಕು ಕಾನೂನಿನಲ್ಲಿ ಇಲ್ಲ. ಫೋನಿನಲ್ಲಿ "ಹೂಂ" ಎಂದರೂ ಕರಾರು ಆಗಿಬಿಡಬಹುದು. ಸುಮ್ನೆ ತಲೆಯಾಡಿಸಬೇಡಿ.

ಕಂಪನಿ ಗಟ್ಟಿಯೇ ಎಂದೂ ನೋಡಿ. 2021ರಲ್ಲಿ, ಕರೆಂಟು ತಯಾರಿಸಲೂ ಬಳಸುವ ಗ್ಯಾಸ್‌ನ ಬೆಲೆ ಏರಿದಾಗ ಬ್ರಿಟನ್ನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೂರೈಕೆದಾರರು ಬಾಗಿಲು ಹಾಕಿದರು. ಗ್ರಾಹಕರು ಕತ್ತಲಲ್ಲಿ ಕೂರಲಿಲ್ಲ, ಬೇರೆ ಕಂಪನಿಗೆ ಹೋದರು. ಆದರೆ ಹಳೇ ಅಗ್ಗದ ದರ ಜೊತೆಗೆ ಬರಲಿಲ್ಲ.

ಸಹಿ ಹಾಕುವ ಮುನ್ನ ಕೊನೆಯ ದಿನಾಂಕ ನೋಡಿ. ಬೇಡಿಕೆ ಏರುವ ಕಡು ಬೇಸಿಗೆಯಲ್ಲೋ ಚಳಿಗಾಲದಲ್ಲೋ ಕರಾರು ಮುಗಿಯುವಂತಿದ್ದರೆ ಎರಡು ತಿಂಗಳು ಆಚೀಚೆ ಮಾಡಿಸಿ. ನೋಟಿಸ್ ಕೊಡಬೇಕಾದ ದಿನವನ್ನು ಅಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.