ಮೈನಸ್ ಕೂಡುವಾಗ ಜಿಗಿತ ಎಣಿಸಿ

ಮಕ್ಕಳಿಗೆ ಋಣ ಸಂಖ್ಯೆ ಕೂಡುವುದನ್ನು ಹೇಳಿಕೊಡುವಾಗ ಸುಮ್ನೆ ನಿಯಮ ಬಾಯಿಪಾಠ ಮಾಡಿಸಬೇಡಿ. ಒಂದು ಸಂಖ್ಯಾರೇಖೆ ಎಳೆಸಿ: ನಡುವೆ ಸೊನ್ನೆ, ಬಲಕ್ಕೆ 1, 2, 3, ಎಡಕ್ಕೆ -1, -2, -3.

ಈಗ 3 + (-5). ಬೆರಳು 3ರ ಮೇಲಿರಲಿ. ಕೂಡುತ್ತಿರುವುದು ಮೈನಸ್ ಸಂಖ್ಯೆ, ಹಾಗಾಗಿ ಎಡಕ್ಕೆ 5 ಜಿಗಿತ: 2, 1, 0, -1, -2. ಉತ್ತರ -2. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ನಿಂತಿರುವ 3ನ್ನೇ 'ಒಂದು' ಅಂತ ಎಣಿಸಿಬಿಡುತ್ತಾರೆ, ಆಗ ಉತ್ತರ -1 ಬಂದುಬಿಡುತ್ತದೆ. ಪ್ರತಿ ಜಿಗಿತಕ್ಕೂ ಪೆನ್ಸಿಲ್‌ನಲ್ಲಿ ಪುಟ್ಟ ಕಮಾನು ಬರೆಸಿ, ಕಮಾನುಗಳನ್ನೇ ಎಣಿಸಲಿ.

-2 + (-4) ಕೂಡ ಹೀಗೇ. -2ರಿಂದ ಮತ್ತೆ ಎಡಕ್ಕೇ 4 ಜಿಗಿತ, ಉತ್ತರ -6. ಎರಡು ಮೈನಸ್ ಕಂಡ ತಕ್ಷಣ ಪ್ಲಸ್ ಅಂದರೆ, ಅದು ಗುಣಾಕಾರದ ನಿಯಮ, ಇಲ್ಲಿ ನಡೆಯಲ್ಲ ಅಂತ ಗೆರೆಯ ಮೇಲೇ ತೋರಿಸಿ.