ಕ್ಯಾಲಿಬರ್‌ನಲ್ಲಿ ಪುಸ್ತಕ ಜೋಡಿಸಿಕೊಂಡ ಬಗೆ

ನನ್ನ ಇ-ಪುಸ್ತಕಗಳೆಲ್ಲ ಈಗ ಕ್ಯಾಲಿಬರ್‌ನಲ್ಲಿವೆ. ಕೋವಿದ್ ಗೋಯಲ್ 2006ರಲ್ಲಿ ಬೇರೆ ಹೆಸರಿನಿಂದ ಶುರುಮಾಡಿದ, ಇ-ಪುಸ್ತಕಗಳನ್ನು ಜೋಡಿಸಿಡುವ ಈ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಚಿತವಾಗಿ ಸಿಗುತ್ತದೆ. ತೆರೆದ ಕೂಡಲೇ ಕಾಣುವುದು ಬಟನ್‌ಗಳ ಜಾತ್ರೆ. ಹೆದರಬೇಕಿಲ್ಲ, ನಾನು ದಿನಾ ಮುಟ್ಟುವುದು ನಾಲ್ಕೈದನ್ನಷ್ಟೇ.

ಪುಸ್ತಕ ಸೇರಿಸಿದಾಗ ಕ್ಯಾಲಿಬರ್ ಅದರ ಒಂದು ಪ್ರತಿಯನ್ನು ತನ್ನ ಲೈಬ್ರರಿ ಫೋಲ್ಡರಿಗೆ ಹಾಕಿಕೊಳ್ಳುತ್ತದೆ. ಲೇಖಕರಿಗೊಂದು ಫೋಲ್ಡರ್, ಅದರೊಳಗೆ ಪುಸ್ತಕಕ್ಕೊಂದು. ಈ ಫೋಲ್ಡರ್‌ಗಳ ಹೆಸರನ್ನು ಹೊರಗಿನಿಂದ ಬದಲಿಸಹೋಗಬಾರದು. ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಮೆಟಾಡೇಟಾ.ಡಿಬಿ ಎಂಬ ಫೈಲಿನಲ್ಲಿರುತ್ತದೆ, ನಾವು ಕೈಯಾಡಿಸಿದ್ದು ಅದಕ್ಕೆ ತಿಳಿಯದು. ಬ್ಯಾಕಪ್‌ಗೆ ಇಡೀ ಲೈಬ್ರರಿ ಫೋಲ್ಡರನ್ನು ಕಾಪಿ ಮಾಡಿಟ್ಟುಕೊಳ್ಳುತ್ತೇನೆ.

ನಿಜವಾದ ಕೆಲಸ ಇರುವುದು ಲೇಖಕರ ಹೆಸರಿನಲ್ಲಿ. ಇನಿಷಿಯಲ್ ಮುಂದೆ ಚುಕ್ಕಿ ಇದ್ದರೆ ಒಬ್ಬರು, ಇಲ್ಲದಿದ್ದರೆ ಇನ್ನೊಬ್ಬರು, ಇಂಗ್ಲಿಷಿನಲ್ಲಿ ಬರೆದಿದ್ದರೆ ಮೂರನೆಯವರು! ಒಬ್ಬರೇ ಲೇಖಕರು ಎಡಗಡೆಯ ಪಟ್ಟಿಯಲ್ಲಿ ಮೂರು ಕಡೆ ಹಂಚಿಹೋಗಿರುತ್ತಾರೆ. ಆ ಪಟ್ಟಿಯಲ್ಲೇ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ರೀನೇಮ್ ಆರಿಸಿ, ಈಗಾಗಲೇ ಇರುವ ಸರಿಯಾದ ರೂಪವನ್ನೇ ಕೊಟ್ಟರೆ ಎಲ್ಲ ಪುಸ್ತಕಗಳೂ ಒಂದೇ ಹೆಸರಿನಡಿ ಬರುತ್ತವೆ. ಜೋಡಿಸುವ ಕ್ರಮಕ್ಕೆ 'ಆಥರ್ ಸಾರ್ಟ್' ಎಂಬ ಇನ್ನೊಂದು ಖಾನೆ ಇದೆ. ಅದು ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತರುತ್ತದೆ. ಇನಿಷಿಯಲ್ ಇರುವವರಿಗೆ ಇದು ಅನುಕೂಲವೇ, ಆದರೆ ಚುಕ್ಕಿಯ ನಂತರ ಜಾಗ ಬಿಟ್ಟಿರಬೇಕು. ಬಿಡದಿದ್ದರೆ ಇಡೀ ಹೆಸರು ಒಂದೇ ಪದವೆಂದು ಎಣಿಸಿ ಇನಿಷಿಯಲ್‌ನ ಅಕ್ಷರದಡಿಯೇ ಇಡುತ್ತದೆ. ಬೇಸರದ ಕೆಲಸ ನಿಜ, ಆದರೆ ಇದೊಂದನ್ನು ಮುಗಿಸಿದರೆ ಹುಡುಕುವ ತಾಪತ್ರಯ ಅರ್ಧ ಕಡಿಮೆ.

ಪ್ರಿಫರೆನ್ಸಸ್‌ಗೆ ಹೋಗಿ 'ಓದಿದ್ದು' ಅಂತ ಹೌದು/ಇಲ್ಲ ಮಾದರಿಯ ಕಾಲಂ ಒಂದನ್ನು ನಾನೇ ಸೇರಿಸಿಕೊಂಡಿದ್ದೇನೆ. ಟ್ಯಾಗ್‌ಗಳನ್ನು ಮಾತ್ರ ಕೈ ಬಿಗಿಹಿಡಿದು ಬಳಸುತ್ತೇನೆ: ಕಾದಂಬರಿ, ಪ್ರಬಂಧ, ಇತಿಹಾಸ, ಹೀಗೆ ಕೆಲವೇ. ಅಂಗಡಿಯಿಂದ ಬಂದ ಫೈಲುಗಳ ಜೊತೆ ಬರುವ ಉದ್ದುದ್ದ ಟ್ಯಾಗ್‌ಗಳನ್ನು ಮೊದಲೇ ಅಳಿಸಿಬಿಡುತ್ತೇನೆ.

ಓದುವುದಕ್ಕೆ ಇಪಬ್ (ಇ-ಪುಸ್ತಕಗಳ ಒಂದು ಫೈಲ್ ಮಾದರಿ) ಆದರೆ ಕ್ಯಾಲಿಬರ್‌ನ ವ್ಯೂವರ್ ಸಾಕು. ಫಾಂಟ್ ಹಿಗ್ಗಿಸಬಹುದು, ಬಣ್ಣ ಬದಲಿಸಬಹುದು, ಸಾಲು ಗುರುತು ಮಾಡಿ ಟಿಪ್ಪಣಿ ಬರೆಯಬಹುದು. ಫಾರ್ಮ್ಯಾಟ್ ಬದಲಿಸುವ ಸೌಲಭ್ಯವನ್ನು ಮಾತ್ರ ಜನ ಅತಿಯಾಗಿ ನಂಬುತ್ತಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಇರುವುದು ಬರೀ ಚಿತ್ರ, ಅದರಿಂದ ಅಕ್ಷರ ಹೇಗೆ ಬಂದೀತು? ಯುನಿಕೋಡ್‌ಗಿಂತ (ಎಲ್ಲ ಭಾಷೆಗಳಿಗೂ ಈಗ ಬಳಸುವ ಏಕರೂಪದ ಅಕ್ಷರ ಸಂಕೇತ) ಹಿಂದಿನ ಕನ್ನಡ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಪುಸ್ತಕಗಳಿಗೆ ಶೀರ್ಷಿಕೆ, ಲೇಖಕರು, ಮುಖಪುಟ ಸರಿಮಾಡಿ, ಪಿಡಿಎಫ್ ಆಗಿಯೇ ಬಿಟ್ಟಿದ್ದೇನೆ.