ಮತವಿಲ್ಲದಿದ್ದರೂ ಮಾತಿದೆ: ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರಿಗೆ ನೀರಿನ ಡಿಸ್ಟ್ರಿಕ್ಟ್ ಕುರಿತು

ಹಿತ್ತಲಲ್ಲಿ ಅಮ್ಮನಿಗಾಗಿ ಕಟ್ಟಿಸಿದ್ದ ತುಳಸಿಕಟ್ಟೆಯನ್ನು ನಾವೇ ಒಡೆಸಬೇಕಾಯಿತು. ಬೇ ಏರಿಯಾದಲ್ಲಿ ಮನೆ ಕೊಂಡು ಎರಡನೆಯ ವರ್ಷ. ಇಟ್ಟಿಗೆ, ಸಿಮೆಂಟು ಹಾಕಿ ಗಟ್ಟಿಯಾಗಿಯೇ ಕಟ್ಟಿಸಿದ್ದೆವು, ಮೇಲೊಂದು ಮರದ ಚಪ್ಪರ, ಪಕ್ಕದಲ್ಲಿ ನಿಂಬೆ ಗಿಡ. ಅಮ್ಮ ಬಂದು ಮೂರು ತಿಂಗಳು ದಿನಾ ದೀಪ ಹಚ್ಚಿದ್ದರು. ಅವರು ಊರಿಗೆ ಮರಳಿದ ಮೇಲೆ ನೀರಿನ ಡಿಸ್ಟ್ರಿಕ್ಟ್‌ನಿಂದ ಪತ್ರ ಬಂತು. ಬೇಲಿಯಿಂದ 15 ಅಡಿ ಅಗಲದ ಪಟ್ಟಿಯ ಕೆಳಗೆ ದೊಡ್ಡ ಪೈಪು ಹೋಗಿದೆ, ಅದರ ಮೇಲೆ ಕಟ್ಟಡವಾಗಲಿ ಮರವಾಗಲಿ ಇರಕೂಡದು. ಎಂಜಿನಿಯರ್ ಒಬ್ಬರು ಬಂದು ಸಮಾಧಾನದಿಂದಲೇ ನಕ್ಷೆ ತೋರಿಸಿದರು. ತಪ್ಪು ನಮ್ಮದೇ ಆಗಿತ್ತು. ಮನೆ ಕೊಳ್ಳುವಾಗ ಕೈಗೆ ಬಂದಿದ್ದ, ಆಸ್ತಿಯ ಮೇಲೆ ಯಾರ ಯಾರ ಹಕ್ಕು ಇದೆ ಎಂದು ಹೇಳುವ ಟೈಟಲ್ ರಿಪೋರ್ಟ್‌ನಲ್ಲಿ ಈಸ್‌ಮೆಂಟ್ (ಆ ಪಟ್ಟಿಯನ್ನು ಬಳಸುವ ಅವರ ಹಕ್ಕು) ಎಂದು ಸ್ಪಷ್ಟವಾಗಿ ಬರೆದಿತ್ತು. ಸಾಲ, ಬಡ್ಡಿ, ಇನ್‌ಸ್ಪೆಕ್ಷನ್ ಎಂದು ಓಡಾಡುವ ಗಡಿಬಿಡಿಯಲ್ಲಿ ನಾವು ಆ ಪುಟ ತಿರುವಿಯೇ ಇರಲಿಲ್ಲ.

ಅಲ್ಲಿಂದ ಈ ಕಾನೂನುಗಳನ್ನು ಓದಲು ಶುರು ಮಾಡಿದೆ. ನಾನು ವಕೀಲೆಯಲ್ಲ. ವಿಷಯ ಕೋರ್ಟಿನವರೆಗೆ ಹೋಗುವಂತಿದ್ದರೆ ವಕೀಲರನ್ನೇ ಕಾಣಿ. ಆದರೆ ಅಲ್ಲಿಗೆ ಹೋಗುವ ಮೊದಲೇ ಮನೆಯ ಯಜಮಾನ ಮಾಡಬಹುದಾದ ಕೆಲಸ ಬಹಳಷ್ಟಿದೆ.

ನನ್ನ ಅಜ್ಜನ ಊರು ಮುಳಬಾಗಿಲು ಸೀಮೆ. ಅಲ್ಲಿ ಕೆರೆಯ ತೂಬು ಎತ್ತುವ ಅಧಿಕಾರ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿ, ಅವನನ್ನು ಕೇಳುವ ಹಕ್ಕು ಊರಿನ ಕೈಯಲ್ಲಿ. ಇಲ್ಲಿನ ಡಿಸ್ಟ್ರಿಕ್ಟ್‌ಗಳು ಹುಟ್ಟಿದ್ದೂ ರೈತರ ನೀರಿಗಾಗಿಯೇ. 1887ರ ರೈಟ್ ಕಾಯ್ದೆ ಊರಿನವರೇ ಸೇರಿ ನೀರಾವರಿ ಡಿಸ್ಟ್ರಿಕ್ಟ್ ಕಟ್ಟಿಕೊಳ್ಳಲು, ತೆರಿಗೆ ಹಾಕಲು, ಕಾಲುವೆಗಾಗಿ ಜಮೀನು ವಶಪಡಿಸಿಕೊಳ್ಳಲು ಅಧಿಕಾರ ಕೊಟ್ಟಿತು. ಅದೇ ವರ್ಷ ಟರ್ಲಾಕ್‌ನಲ್ಲಿ ಮೊದಲನೆಯದು ಸ್ಥಾಪನೆಯಾಯಿತು. ನಮ್ಮ ಸಬರ್ಬ್‌ಗಳ ನೀರಿನ ಡಿಸ್ಟ್ರಿಕ್ಟ್‌ಗಳು ಬೇರೆ ಬೇರೆ ಕಾಯ್ದೆಗಳಡಿ ಆಮೇಲೆ ಬಂದವು, ಆದರೆ ಗುಣ ಅದೇ. ಅವು ಬರೀ ನೀರು ಮಾರುವ ಅಂಗಡಿಗಳಲ್ಲ, ಒಂದೇ ಕೆಲಸಕ್ಕೆಂದು ಇರುವ ಪುಟ್ಟ ಸರ್ಕಾರಗಳು.

ಹಾಗಾಗಿ ಮೊದಲು ನಿಮ್ಮ ನಲ್ಲಿಗೆ ನೀರು ಕೊಡುವವರು ಯಾರು ಎಂದು ಬಿಲ್ಲಿನ ತಲೆಬರಹ ನೋಡಿ. ಫ್ರೀಮಾಂಟ್‌ನಲ್ಲಾದರೆ ಅಲಮೇಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್, ಓಕ್‌ಲ್ಯಾಂಡ್ ಕಡೆ 1923ರಲ್ಲಿ ಸ್ಥಾಪನೆಯಾದ ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಸನಿವೇಲ್‌ನಂಥ ಊರುಗಳಲ್ಲಿ ನಗರಸಭೆಯೇ ನೀರು ಕೊಡುತ್ತದೆ. ಸ್ಯಾನ್ ಹೋಸೆಯ ಬಹುಪಾಲು ಖಾಸಗಿ ಕಂಪನಿಯದು. ಖಾಸಗಿ ಕಂಪನಿಯ ದರವನ್ನು ನಿರ್ಧರಿಸುವುದು ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್, ಆದ್ದರಿಂದ ದರದ ವಿಚಾರದಲ್ಲಿ ನಾನು ಮುಂದೆ ಹೇಳುವ ಪ್ರತಿಭಟನೆ ಪತ್ರ ಅಲ್ಲಿ ನಡೆಯುವುದಿಲ್ಲ. ಡಿಸ್ಟ್ರಿಕ್ಟ್‌ಗೂ ನಗರಸಭೆಗೂ ನಡೆಯುತ್ತದೆ.

ಈಗ ಜಾಗದ ಮಾತು. ಈಸ್‌ಮೆಂಟ್ ಎಂದರೆ ನೆಲ ನಿಮ್ಮದೇ, ಅದನ್ನು ಒಂದು ಕೆಲಸಕ್ಕೆ ಬಳಸುವ ಹಕ್ಕು ಅವರದು. ಮನೆ ಕೈ ಬದಲಾದರೂ ಆ ಹಕ್ಕು ನೆಲದ ಜೊತೆಗೇ ಉಳಿಯುತ್ತದೆ. ಟೈಟಲ್ ರಿಪೋರ್ಟ್‌ನಲ್ಲಿ ಈ ಪದ ಕಂಡರೆ ಬರೀ ಸಾರಾಂಶ ಓದಿ ಬಿಡಬೇಡಿ, ರಿಜಿಸ್ಟರ್ ಆದ ಮೂಲ ದಾಖಲೆಯ ಪ್ರತಿ ಕೊಡಿ ಎಂದು ಟೈಟಲ್ ಕಂಪನಿಯನ್ನೇ ಕೇಳಿ. ಎಷ್ಟು ಅಗಲ, ಏನು ಕಟ್ಟಬಾರದು, ಅಗೆದ ಮೇಲೆ ನೆಲವನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಯಾರದು, ಎಲ್ಲವೂ ಅದರಲ್ಲಿ ಇರಬೇಕು. ಹಿತ್ತಲಲ್ಲಿ ಇನ್ನೊಂದು ಸಣ್ಣ ಮನೆ ಕಟ್ಟಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರಂತೂ ನಕ್ಷೆ ಬರೆಸುವ ಮೊದಲು ಇದನ್ನು ನೋಡಲೇಬೇಕು.

ಹೊಸ ಪೈಪಿಗೋ ಟ್ಯಾಂಕಿಗೋ ಡಿಸ್ಟ್ರಿಕ್ಟ್‌ಗೆ ನಿಮ್ಮ ಜಾಗ ಬೇಕಾದರೆ ಭೂಸ್ವಾಧೀನದ ಅಧಿಕಾರವೂ ಇದೆ. ಸುಮ್ಮನೆ ಬಂದು ಕಿತ್ತುಕೊಳ್ಳುವಂತಿಲ್ಲ. ಬೆಲೆ ಕಟ್ಟಿಸಿ ಲಿಖಿತ ಕೊಡುಗೆ ಮುಂದಿಡಬೇಕು. ನೀವು ನಿಮ್ಮದೇ ಅಪ್ರೈಸರ್‌ನಿಂದ ಬೆಲೆ ಕಟ್ಟಿಸಿದರೆ ಅದರ ನ್ಯಾಯವಾದ ಖರ್ಚನ್ನು 5,000 ಡಾಲರ್‌ವರೆಗೆ ಅವರೇ ಕೊಡಬೇಕು. ಇದು ಗೊತ್ತಿಲ್ಲದೆ ಮೊದಲ ಮೊತ್ತಕ್ಕೇ ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ. ಆಮೇಲೆ ಈ ಜಾಗ ಬೇಕೇ ಬೇಕು ಎಂಬ ನಿರ್ಣಯವನ್ನು ಆಡಳಿತ ಮಂಡಳಿಯ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಆ ಸಭೆಯಲ್ಲಿ ಮಾತಾಡಬೇಕೆಂದರೆ ನೋಟಿಸ್ ಅಂಚೆಗೆ ಬಿದ್ದ 15 ದಿನದೊಳಗೆ ಬರೆದು ಕೇಳಿಕೊಳ್ಳಬೇಕು. ಬೆಲೆಯಲ್ಲಿ ಒಪ್ಪಂದ ಬಾರದಿದ್ದರೆ ಜ್ಯೂರಿ ತೀರ್ಮಾನಿಸುತ್ತದೆ.

ಬಿಲ್ಲು ಕಟ್ಟದಿದ್ದರೆ ನೀರು ನಿಲ್ಲಿಸಬಹುದೇ? ನಿಲ್ಲಿಸಬಹುದು, ಆದರೆ 2018ರಲ್ಲಿ ಆದ ಎಸ್‌ಬಿ 998 ಎಂಬ ಕಾಯ್ದೆ ಅದಕ್ಕೆ ಕಡಿವಾಣ ಹಾಕಿದೆ. ಊರಿಗೆ ನೀರು ಕೊಡುವ ಯಾವ ಸಂಸ್ಥೆಯೂ ಬಾಕಿ 60 ದಿನ ದಾಟುವ ತನಕ ಮನೆಯ ನೀರು ನಿಲ್ಲಿಸುವಂತಿಲ್ಲ, ನಿಲ್ಲಿಸುವ ಮೊದಲು ಕೆಲಸದ ದಿನಗಳ ಲೆಕ್ಕದಲ್ಲಿ 7 ದಿನ ಮುಂಚೆ ತಿಳಿಸಬೇಕು, ಕಂತಿನಲ್ಲಿ ಕಟ್ಟುವಂಥ ದಾರಿಯನ್ನೂ ತೋರಿಸಬೇಕು. ಈ ನಿಯಮಗಳ ಪ್ರತಿ ಇಂಗ್ಲಿಷ್, ಸ್ಪ್ಯಾನಿಷ್, ಚೈನೀಸ್, ಟಗಾಲೋಗ್, ವಿಯೆಟ್ನಾಮೀಸ್, ಕೊರಿಯನ್ ಭಾಷೆಗಳಲ್ಲಿ ಇರಬೇಕು. ಕನ್ನಡ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಬಾಗಿಲಿಗೆ ಸಿಕ್ಕಿಸಿ ಹೋಗುವ ಬಣ್ಣದ ಚೀಟಿ ಏನೆಂದು ಹೇಳಿಕೊಟ್ಟಿರಿ. ಬಾಡಿಗೆ ಮನೆಯಲ್ಲಿದ್ದು, ಮಾಲೀಕರು ಬಿಲ್ಲು ಬಾಕಿ ಇಟ್ಟಿದ್ದರೆ ಹೆದರಬೇಡಿ. ಅವರ ಹಳೆಯ ಬಾಕಿ ತೀರಿಸದೆಯೇ, ಡಿಸ್ಟ್ರಿಕ್ಟ್‌ನ ಷರತ್ತುಗಳಿಗೆ ಒಪ್ಪಿ ನಿಮ್ಮ ಹೆಸರಿಗೇ ಖಾತೆ ಮಾಡಿಸಿಕೊಳ್ಳುವ ಅವಕಾಶ ಅದೇ ಕಾಯ್ದೆಯಲ್ಲಿದೆ. ಮಾಲೀಕರೇ ವಾಸವಿದ್ದರೆ ಅಪಾಯ ಬೇರೆ ಥರದ್ದು. ಹಲವು ಡಿಸ್ಟ್ರಿಕ್ಟ್‌ಗಳು ಬಾಕಿಯನ್ನು ಆಸ್ತಿಯ ಮೇಲೆ ಋಣಭಾರವಾಗಿ ದಾಖಲಿಸಬಲ್ಲವು. ಹಳೆಯ ಮನೆ ಕೊಳ್ಳುವವರು ಮಾರುವವರ ನೀರಿನ ಲೆಕ್ಕ ಚುಕ್ತಾ ಆಗಿದೆಯೇ ಎಂದು ಎಸ್ಕ್ರೋ (ಹಣ ಮೂರನೆಯವರ ಬಳಿ ಇದ್ದು ಮಾರಾಟ ಪೂರ್ಣವಾಗುವ ಅವಧಿ) ಮುಗಿಯುವ ಮುಂಚೆ ಕೇಳಿ ಲಿಖಿತವಾಗಿ ಪಡೆಯಿರಿ.

ಬರಗಾಲದಲ್ಲಿ ಡಿಸ್ಟ್ರಿಕ್ಟ್‌ನವರ ಕೈ ಇನ್ನೂ ಉದ್ದ. ವಾರಕ್ಕೆ ಎಷ್ಟು ದಿನ ಹುಲ್ಲಿಗೆ ನೀರು, ಯಾವ ಹೊತ್ತಿನಲ್ಲಿ ಎಂದೆಲ್ಲ ಕಟ್ಟಳೆ ಮಾಡಬಹುದು, ಮೀರಿದರೆ ದಂಡ ಹಾಕಬಹುದು. 2022ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಲಾಸ್ ವರ್ಜೆನೆಸ್ ಡಿಸ್ಟ್ರಿಕ್ಟ್, ಪದೇ ಪದೇ ಮಿತಿ ಮೀರಿದ ಮನೆಗಳ ಮೀಟರಿಗೆ ಹರಿವು ಕುಗ್ಗಿಸುವ ಬಿಲ್ಲೆ ಸಿಕ್ಕಿಸಿತು. ನನಗೆ ಇದು ಸರಿಯೆಂದೇ ತೋರುತ್ತದೆ. ಹಾಗೆಯೇ, ರಾಜ್ಯದಲ್ಲಿ ಬರದ ತುರ್ತುಸ್ಥಿತಿ ಇರುವಾಗ ಹುಲ್ಲು ಒಣಗಿದೆ ಎಂದು ನಿಮ್ಮ ಬಡಾವಣೆಯ ಮನೆ ಮಾಲೀಕರ ಸಂಘ, ಅಂದರೆ ಎಚ್‌ಒಎ ದಂಡ ಹಾಕುವಂತಿಲ್ಲ, ಅದನ್ನೂ ತಿಳಿದಿರಿ.

ಡಿಸ್ಟ್ರಿಕ್ಟ್‌ನ ಪೈಪು ಒಡೆದು ನಿಮ್ಮ ಸಾಮಾನು ಹಾಳಾದರೆ ಮೊದಲು ಫೋಟೊ, ವಿಡಿಯೊ ತೆಗೆದಿಡಿ. ಸರ್ಕಾರಿ ಸಂಸ್ಥೆಯ ಮೇಲೆ ಪರಿಹಾರ ಕೇಳುವ ಲಿಖಿತ ಅರ್ಜಿಗೆ ಗಡುವು ಚಿಕ್ಕದು. ಸಾಮಾನಿನ ನಷ್ಟಕ್ಕೆ, ಗಾಯಕ್ಕೆ 6 ತಿಂಗಳು ಅಷ್ಟೇ. ಇನ್ಶೂರೆನ್ಸ್ ಕಂಪನಿ ನೋಡಿಕೊಳ್ಳುತ್ತದೆ ಎಂದು ಕೂರಬೇಡಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ನಮ್ಮಲ್ಲಿ ಎಷ್ಟೋ ಜನ ಎಚ್‌-1ಬಿ ವೀಸಾದಲ್ಲೋ ಗ್ರೀನ್ ಕಾರ್ಡ್‌ನಲ್ಲೋ ಇದ್ದೇವೆ. ಡಿಸ್ಟ್ರಿಕ್ಟ್ ನಿರ್ದೇಶಕರ ಚುನಾವಣೆಯಲ್ಲಿ ನಮಗೆ ಮತವಿಲ್ಲ. ಮತವಿಲ್ಲದವರಿಗೆ ಯಾವ ಮಾತೂ ಇಲ್ಲ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. 1996ರಲ್ಲಿ ಜನರೇ ಮತ ಹಾಕಿ ರಾಜ್ಯದ ಸಂವಿಧಾನಕ್ಕೆ ಸೇರಿಸಿದ ಪ್ರಾಪೊಸಿಷನ್ 218 ಅದನ್ನು ಸುಳ್ಳಾಗಿಸುತ್ತದೆ. ಅದರಲ್ಲಿ ದರ ಏರಿಕೆಗೆ ತಕರಾರು ಹಾಕುವ ಹಕ್ಕು ಇರುವುದು ಆಸ್ತಿಯ ಮಾಲೀಕರಿಗೆ, ಮತ್ತು ನೀರಿನ ಬಿಲ್ಲಿಗೆ ನೇರವಾಗಿ ಹೊಣೆಯಾದ ಬಾಡಿಗೆದಾರರಿಗೆ. ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳುವುದಿಲ್ಲ. ನೀರಿನ ದರಕ್ಕೂ ಇದು ಅನ್ವಯಿಸುತ್ತದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2006ರಲ್ಲಿ ಬಿಗ್‌ಹಾರ್ನ್ ಪ್ರಕರಣದಲ್ಲಿ ಹೇಳಿತು.

ನಡೆಯುವುದು ಹೀಗೆ. ದರ ಏರಿಸುವ ಮೊದಲು ನೋಟಿಸನ್ನು ಅಂಚೆಯಲ್ಲಿ ಕಳಿಸಬೇಕು, ಅಲ್ಲಿಂದ ಕನಿಷ್ಠ 45 ದಿನ ಬಿಟ್ಟು ವಿಚಾರಣಾ ಸಭೆ ಇಡಬೇಕು. ಸಭೆ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ಪ್ರತಿಭಟನೆ ಬಂದರೆ ಆ ಏರಿಕೆ ಬಿದ್ದುಹೋಗುತ್ತದೆ. ಒಂದು ಆಸ್ತಿಗೆ ಒಂದೇ ಪತ್ರ ಲೆಕ್ಕಕ್ಕೆ. ಆ ನೋಟಿಸು ಸೋಫಾ ಮಾರಾಟದ ಜಾಹೀರಾತಿನಂತೆ ಕಾಣುವುದರಿಂದ ನೇರವಾಗಿ ಮರುಬಳಕೆ ಕಸದ ನೀಲಿ ಡಬ್ಬಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ಓದಿದ್ದು ಎರಡೇ ಮನೆ. ಒಳಗೆ ಐದು ವರ್ಷದ ಏರಿಕೆಯ ಪಟ್ಟಿ ಒಟ್ಟಿಗೇ ಇರಬಹುದು, ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಹಾಗಿದ್ದರೆ ಈ ಸಲ ತಪ್ಪಿಸಿಕೊಂಡವರಿಗೆ ಐದು ವರ್ಷದ ತನಕ ಮತ್ತೆ ಅವಕಾಶ ಸಿಗದೆ ಹೋಗಬಹುದು.

ಅರ್ಧಕ್ಕಿಂತ ಹೆಚ್ಚು ಪತ್ರ ಸೇರುವುದು ಅಪರೂಪ, ನಮ್ಮಲ್ಲೂ ಸೇರಲಿಲ್ಲ. ಆದರೂ ಬರೆಯಿರಿ. ನೀರು ಒದಗಿಸಲು ತಗಲುವ ಖರ್ಚಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂಬುದೂ ಅದೇ ಕಾನೂನಿನ ಮಾತು. 2015ರಲ್ಲಿ ಸ್ಯಾನ್ ಹ್ವಾನ್ ಕ್ಯಾಪಿಸ್ಟ್ರಾನೊ ನಗರದ ಮೆಟ್ಟಿಲು ದರಗಳು (ಬಳಕೆ ಹೆಚ್ಚಿದಂತೆ ಏರುವ ದರಗಳು) ಮೇಲ್ಮನವಿ ನ್ಯಾಯಾಲಯದಲ್ಲಿ ನಿಲ್ಲದಿದ್ದುದು ಇದೇ ಕಾರಣಕ್ಕೆ. ಪ್ರತಿ ಮೆಟ್ಟಿಲಿನ ದರಕ್ಕೂ ನಿಜವಾದ ಖರ್ಚಿಗೂ ಸಂಬಂಧ ತೋರಿಸಲು ಆ ನಗರಕ್ಕೆ ಆಗಲಿಲ್ಲ. ಆದ್ದರಿಂದ ದರದ ಹಿಂದಿನ ಖರ್ಚಿನ ವರದಿಯನ್ನು ಕೇಳಿ ತರಿಸಿಕೊಳ್ಳಿ. ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಕೇಳಿದರೆ ಕೊಡುತ್ತೇವೋ ಇಲ್ಲವೋ ಎಂದು 10 ದಿನದಲ್ಲಿ ತಿಳಿಸಬೇಕು. ಮಂಡಳಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಹಾಕಿರಬೇಕು, ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. ನಾನು ಮೂರು ನಿಮಿಷ ಮಾತಾಡಿದೆ, ಕೈಕಾಲು ನಡುಗುತ್ತಿತ್ತು. ಸಭೆಗೆ ಬಂದಿದ್ದ ಜನ ಆರೇ ಮಂದಿ. ಐವರು ನಿರ್ದೇಶಕರ ಎದುರು ಆರು ಜನ ಎಂದರೆ ಸಣ್ಣ ಸಂಖ್ಯೆಯಲ್ಲ, ಪ್ರತಿಯೊಬ್ಬರ ಮಾತನ್ನೂ ಬರೆದುಕೊಂಡರು.

ಪತ್ರ ನಾಲ್ಕು ಸಾಲು ಸಾಕು. ಯಾವ ದರ ಏರಿಕೆಯನ್ನು ವಿರೋಧಿಸುತ್ತಿದ್ದೀರಿ, ಮನೆಯ ವಿಳಾಸ ಅಥವಾ ತೆರಿಗೆ ಬಿಲ್ಲಿನಲ್ಲಿರುವ ಪಾರ್ಸೆಲ್ ನಂಬರ್, ನೀವು ಮಾಲೀಕರೋ ಬಾಡಿಗೆದಾರರೋ, ಕೊನೆಗೆ ಹೆಸರು ಮತ್ತು ಸಹಿ. ಕಾರಣವನ್ನೂ ಬರೆದರೆ ಒಳ್ಳೆಯದು, ಮುಂದೆ ಕೋರ್ಟಿಗೆ ಹೋಗುವವರಿಗೆ ಅದು ಬೇಕಾಗಬಹುದು. ಇಮೇಲ್ ಒಪ್ಪುತ್ತಾರೋ ಇಲ್ಲವೋ ಎಂದು ನೋಟಿಸಿನಲ್ಲಿ ನೋಡಿಕೊಳ್ಳಿ, ಒಪ್ಪದಿದ್ದರೆ ಸಹಿ ಮಾಡಿದ ಕಾಗದವೇ ಹೋಗಬೇಕು. ಅಂಚೆಯ ಮುದ್ರೆಯ ತಾರೀಕು ಮುಖ್ಯವಲ್ಲ, ಸಭೆ ಮುಗಿಯುವ ಮುಂಚೆ ಅವರ ಕೈ ಸೇರಿರಬೇಕು. ಅದಕ್ಕೆ ನಾನು ಫ್ರಿಜ್ ಮೇಲಿನ ಪಂಚಾಂಗದಲ್ಲಿ ವಿಚಾರಣೆಯ ದಿನಕ್ಕೆ ಗುರುತು ಹಾಕಿ, ಒಂದು ವಾರ ಮೊದಲೇ ಡಿಸ್ಟ್ರಿಕ್ಟ್ ಕಚೇರಿಗೆ ಹೋಗಿ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರುತ್ತೇನೆ.